ಹಾಲು ಬಿಡಿಸಿದ ಮೇಲೆ ಇಳಿದ ಎದೆ: ಇಂಪ್ಲಾಂಟ್ ಹಾಕಿದರೆ ಮೇಲೇಳುತ್ತದಾ?

ಪ್ರಶ್ನೆ: ನನಗೆ 33 ವರ್ಷ. ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕೆಲಸ. ಇಬ್ಬರು ಮಕ್ಕಳು, ದೊಡ್ಡವಳಿಗೆ 7, ಚಿಕ್ಕವನಿಗೆ 3. ಇಬ್ಬರಿಗೂ ಎರಡೆರಡು ವರ್ಷ ಹಾಲು ಕುಡಿಸಿದ್ದೇನೆ. ಚಿಕ್ಕವನಿಗೆ ಹಾಲು ಬಿಡಿಸಿ ಒಂದು ವರ್ಷವಾಯಿತು. ಅಲ್ಲಿಂದ ನನ್ನ ಎದೆ ಖಾಲಿ ಚೀಲದ ಹಾಗೆ ಇಳಿದುಬಿಟ್ಟಿದೆ. ಹಳೆ ಬ್ಲೌಸ್ ಒಂದೂ ಕೂರುವುದಿಲ್ಲ. ಗಂಡ ಏನೂ ಅಂದಿಲ್ಲ, ನನಗೇ ಕನ್ನಡಿ ನೋಡೋಕೆ ಬೇಜಾರು. ಪಾರ್ಲರ್‌ನವರ ಮಾತು ಕೇಳಿ 3,500 ರೂಪಾಯಿ ಕೊಟ್ಟು ಎಣ್ಣೆ ತಂದು ಮೂರು ತಿಂಗಳು ತಿಕ್ಕಿದೆ, ಏನೂ ಆಗಲಿಲ್ಲ. ಬೆಂಗಳೂರಿನ ಒಂದು ಕ್ಲಿನಿಕ್‌ಗೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ್ದಕ್ಕೆ, '350 ಸಿಸಿ ಇಂಪ್ಲಾಂಟ್ ಹಾಕೋಣ, ಒಂದು ಗಂಟೆ ಕೆಲಸ, ಗುರುತೇ ಕಾಣಲ್ಲ, ಲೈಫ್‌ಟೈಂ ಗ್ಯಾರಂಟಿ' ಅಂದರು. ಈ ತಿಂಗಳೇ ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿಯಂತೆ. ಅತ್ತಿಗೆ ಕ್ಯಾನ್ಸರ್ ಬರುತ್ತೆ ಅಂತಾರೆ. ದುಬೈನಲ್ಲಿರುವ ಗೆಳತಿ ಹತ್ತು ವರ್ಷಕ್ಕೊಮ್ಮೆ ಬದಲಿಸಲೇಬೇಕು, ವಿಮಾನದಲ್ಲಿ ಒಡೆಯುವುದೂ ಇದೆ ಅಂತಾಳೆ. ಅಮ್ಮನ ಪ್ರಕಾರ ಹಾಲು ಜಾಸ್ತಿ ದಿನ ಕುಡಿಸಿದ್ದೇ ತಪ್ಪು. ಮೂರನೇ ಮಗುವಿನ ಯೋಚನೆ ಪೂರ್ತಿ ಬಿಟ್ಟಿಲ್ಲ. ಇನ್ನೊಂದು ವಿಷಯ, ನನ್ನ ಚಿಕ್ಕಮ್ಮನಿಗೆ 46ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು, ಈಗ ಹುಷಾರಾಗಿದ್ದಾರೆ. ನಾನು ಆಪರೇಷನ್ ಮಾಡಿಸಿಕೊಳ್ಳಬಹುದಾ? ಅಮ್ಮನಿಗೆ ಹೇಳಲೇಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಒಂದೇ ಪ್ರಶ್ನೆ ಇದ್ದ ಹಾಗೆ ಕಾಣುತ್ತದೆ. ಆದರೆ ಎರಡಿವೆ. ಒಂದು, ಎದೆ ಸಣ್ಣದಾಗಿದೆ. ಇನ್ನೊಂದು, ಎದೆ ಇಳಿದಿದೆ. ಕನ್ನಡಿ ಮುಂದೆ ನಿಂತಾಗ ಎರಡೂ ಒಟ್ಟಿಗೇ ಕಾಣುವುದರಿಂದ ಎರಡಕ್ಕೂ ಒಂದೇ ಮದ್ದು ಅನ್ನಿಸುವುದು ಸಹಜ. ಇಂಪ್ಲಾಂಟ್ ಅಂದರೆ ಸ್ತನದೊಳಗೆ ಇಡುವ, ಜೆಲ್ ಅಥವಾ ಉಪ್ಪುನೀರು ತುಂಬಿದ ಸಿಲಿಕೋನ್ ಚೀಲ. ಅದು ಮೊದಲನೆಯದಕ್ಕೆ ಮದ್ದು, ಎರಡನೆಯದಕ್ಕೆ ಅಲ್ಲ. ವಾಟ್ಸಾಪ್ ಫೋಟೊ ನೋಡಿ 350 ಸಿಸಿ (ಅಂದರೆ 350 ಎಂಎಲ್) ಅಂದವರು ಈ ಮಾತನ್ನು ನಿಮಗೆ ಹೇಳಿದ ಹಾಗಿಲ್ಲ.

ಮೊದಲು ಅಮ್ಮನ ಮಾತನ್ನು ಮುಗಿಸಿಬಿಡೋಣ, ಯಾಕೆಂದರೆ ಅದು ನಿಮ್ಮ ಮನಸ್ಸಿನಲ್ಲಿ ಸುಮ್ನೆ ಭಾರವಾಗಿ ಕೂತಿದೆ. ಹಾಲು ಕುಡಿಸಿದ್ದು ತಪ್ಪಲ್ಲ. ಬಸುರಿನಲ್ಲಿ ಹಾಲಿನ ಗ್ರಂಥಿಗಳು ಬೆಳೆದು ಅಲ್ಲಿದ್ದ ಕೊಬ್ಬಿನ ಜಾಗವನ್ನು ಹಿಡಿಯುತ್ತವೆ, ಚರ್ಮ ಹಿಗ್ಗುತ್ತದೆ. ಹಾಲು ನಿಂತ ಮೇಲೆ ಗ್ರಂಥಿ ಕುಗ್ಗುತ್ತದೆ. ಹೋದ ಕೊಬ್ಬು ಮಾತ್ರ ಮೊದಲಿನಷ್ಟೇ ವಾಪಸ್ ಬರುತ್ತದೆ ಅಂತಿಲ್ಲ. ಒಳಗಿನದು ಕಮ್ಮಿಯಾಯಿತು, ಹೊರಗಿನ ಚರ್ಮ ಹಿಗ್ಗಿದ್ದು ಹಾಗೇ ಉಳಿಯಿತು. ನೀವು ಖಾಲಿ ಚೀಲ ಅಂದಿದ್ದು ಇದನ್ನೇ. ಇಷ್ಟೆಲ್ಲ ಆಗುವುದು ಬಸುರಿನಿಂದ. ಮಗುವಿಗೆ ಒಂದು ದಿನವೂ ಹಾಲು ಕೊಡದ ತಾಯಿಗೂ ಇದು ಆಗುತ್ತದೆ. ಅಮೆರಿಕದ ಕೆಂಟಕಿಯ ಪ್ಲಾಸ್ಟಿಕ್ ಸರ್ಜನ್‌ಗಳು ತಮ್ಮ ಹತ್ತಿರ ಬಂದ ತಾಯಂದಿರನ್ನೇ ಕೇಳಿ, ಲೆಕ್ಕ ಹಾಕಿ 2008ರಲ್ಲಿ ಪ್ರಕಟಿಸಿದ್ದರು. ಎದೆ ಇಳಿಯುವುದಕ್ಕೆ ವಯಸ್ಸು, ದೇಹದ ತೂಕ, ಎಷ್ಟು ಸಲ ಬಸುರಾದರು, ಮೊದಲೇ ಎಷ್ಟು ದೊಡ್ಡದಿತ್ತು, ಸಿಗರೇಟು ಸೇದುತ್ತಿದ್ದರಾ ಎಂಬುದೆಲ್ಲ ಕಾರಣವಾಗಿತ್ತು. ಹಾಲು ಕುಡಿಸಿದ್ದು ಆ ಕಾರಣಗಳಲ್ಲಿ ಇರಲೇ ಇಲ್ಲ.

ಎಣ್ಣೆಯ ವಿಷಯ ಉದ್ದ ಮಾಡುವುದಿಲ್ಲ. ಚರ್ಮದ ಮೇಲೆ ತಿಕ್ಕಿದ ಎಣ್ಣೆಯಿಂದ ಚರ್ಮ ಮೆತ್ತಗಾಗುತ್ತದೆ, ಅಷ್ಟೇ. ಕ್ರೀಮು, ಪಂಪು, ಮಾತ್ರೆ ಎಲ್ಲದರ ಕಥೆಯೂ ಇದೇ. ಮಾತ್ರೆಗಳಲ್ಲಿ ಹಾರ್ಮೋನ್ ಏನಾದರೂ ಬೆರೆಸಿದ್ದರೆ ಅಪಾಯ ಬೇರೆ. ವ್ಯಾಯಾಮದ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಸ್ತನದಲ್ಲಿ ಸ್ನಾಯು ಇಲ್ಲ. ಸ್ನಾಯು ಇರುವುದು ಅದರ ಹಿಂದೆ, ಪಕ್ಕೆಲುಬಿನ ಮೇಲೆ. ದಂಡ ಹೊಡೆದರೆ ಆ ಸ್ನಾಯು ಗಟ್ಟಿಯಾಗುತ್ತದೆ, ನಿಲುವು ನೆಟ್ಟಗಾಗುತ್ತದೆ. ಅದು ಒಳ್ಳೆಯದೇ. ಖಾಲಿ ಚೀಲ ಮಾತ್ರ ತುಂಬುವುದಿಲ್ಲ.

ಈಗ ಮುಖ್ಯ ವಿಷಯ. ಇವತ್ತು ರಾತ್ರಿ ಬಾಗಿಲು ಹಾಕಿಕೊಂಡು, ಬ್ರಾ ಇಲ್ಲದೆ, ಕೈ ಇಳಿಬಿಟ್ಟು ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ ನಿಲ್ಲಿ. ಸ್ತನ ಎದೆಗೂಡಿಗೆ ಸೇರುವ ಕೆಳಗಿನ ಮಡಿಕೆ ಇದೆಯಲ್ಲ, ಬೇಸಿಗೆಯಲ್ಲಿ ಬೆವರು ಕೂರುವ ಜಾಗ, ಅಲ್ಲಿಗೆ ಒಂದು ಸ್ಕೇಲನ್ನು ಅಡ್ಡವಾಗಿ ಹಿಡಿಯಿರಿ. ಮೊಲೆತೊಟ್ಟು ಸ್ಕೇಲಿಗಿಂತ ಮೇಲಿದ್ದರೆ ನಿಮಗೆ ಆಗಿರುವುದು ಹೆಚ್ಚಾಗಿ ಗಾತ್ರದ ನಷ್ಟ. ಸ್ಕೇಲಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಕೆಳಗಿದ್ದರೆ ಅದು ಇಳಿತ. ಪೇಷೆಂಟ್ ನೋಡುವ ನನ್ನ ಕೋಣೆಯಲ್ಲೂ ಮೊದಲು ಮಾಡುವುದು ಇದನ್ನೇ. ಆಮೇಲೆ ಟೈಲರ್ ಬ್ಲೌಸ್ ಅಳತೆ ತೆಗೆಯುವ ಹಾಗೆ ಟೇಪು ಹಿಡಿದು ಗಂಟಲಿನ ಗುಳಿಯಿಂದ ತೊಟ್ಟಿನ ತನಕ, ತೊಟ್ಟಿನಿಂದ ಮಡಿಕೆಯ ತನಕ, ಸ್ತನದ ಬುಡದ ಅಗಲ, ಮೇಲ್ಭಾಗವನ್ನು ಚಿವುಟಿ ಹಿಡಿದಾಗ ಸಿಗುವ ದಪ್ಪ, ಎಲ್ಲ ಬರೆದುಕೊಳ್ಳುತ್ತೇನೆ. ಎಡಕ್ಕೂ ಬಲಕ್ಕೂ ಒಂದೇ ಅಳತೆ ಬರುವುದು ಅಪರೂಪ. ಎರಡೂ ಒಂದೇ ಸಮ ಇರುವ ಹೆಂಗಸನ್ನು ನಾನು ಇನ್ನೂ ನೋಡಿಲ್ಲ ಅಂದರೂ ನಡೆದೀತು.

ಇಳಿತ ಇರುವ ಕಡೆ ಬರೀ ಇಂಪ್ಲಾಂಟ್ ಹಾಕಿದರೆ ಏನಾಗುತ್ತದೆ? ಇಂಪ್ಲಾಂಟ್ ಮೇಲೆ ಕೂರುತ್ತದೆ, ನಿಮ್ಮ ಸ್ತನ ಅದರ ಮೇಲಿಂದ ಜಾರಿ ಕೆಳಗೆ ತೂಗುತ್ತದೆ. ಗುಡ್ಡದಿಂದ ಜರಿದ ಮಣ್ಣಿನ ಹಾಗೆ. ಅದನ್ನು ತುಂಬಿಸಬೇಕು ಅಂತ ಇನ್ನೂ ದೊಡ್ಡದು ಹಾಕಿದರೆ, ಮೊದಲೇ ಹಿಗ್ಗಿದ ಚರ್ಮದ ಮೇಲೆ ಇನ್ನಷ್ಟು ಭಾರ. ನಾಲ್ಕೈದು ವರ್ಷದಲ್ಲಿ ಮತ್ತೆ ಅಲ್ಲಿಗೇ. ಬೇರೆ ಕಡೆ ಹೀಗೆ ದೊಡ್ಡದು ಹಾಕಿಸಿಕೊಂಡು, ಆಮೇಲೆ ತೆಗೆಸಲು ನನ್ನ ಹತ್ತಿರ ಬಂದವರಿದ್ದಾರೆ. ಅಂಥವರಿಗೆ ಆಪರೇಷನ್ ಮಾಡುವುದು ಹೊಸಬರಿಗೆ ಮಾಡುವುದಕ್ಕಿಂತ ಎರಡು ಪಟ್ಟು ಕಷ್ಟ. ಚರ್ಮವೂ ಅಂಗಾಂಶವೂ ಅಷ್ಟು ತೆಳುವಾಗಿರುತ್ತವೆ.

ಇಳಿದದ್ದನ್ನು ಎತ್ತುವುದಕ್ಕೆ ಬೇರೆಯದೇ ಆಪರೇಷನ್ ಇದೆ. ಮ್ಯಾಸ್ಟೊಪೆಕ್ಸಿ ಅನ್ನುತ್ತೇವೆ, ಆಸ್ಪತ್ರೆಗಳಲ್ಲಿ ಲಿಫ್ಟ್ ಅಂತಲೇ ರೂಢಿ. ಹೆಚ್ಚಾದ ಚರ್ಮವನ್ನು ತೆಗೆದು, ಒಳಗಿನ ಗ್ರಂಥಿಯನ್ನು ಹೊಲಿದು ಮೇಲಕ್ಕೆ ಕೂರಿಸಿ, ತೊಟ್ಟನ್ನು ಅದರ ಜಾಗಕ್ಕೆ ತರುವ ಕೆಲಸ. ಇದಕ್ಕೆ ತೊಟ್ಟಿನ ಸುತ್ತ ಒಂದು ಗಾಯ, ಅಲ್ಲಿಂದ ಕೆಳಗೆ ಮಡಿಕೆಯ ತನಕ ಒಂದು, ಇಳಿತ ಜಾಸ್ತಿ ಇದ್ದರೆ ಮಡಿಕೆಯ ಉದ್ದಕ್ಕೂ ಇನ್ನೊಂದು ಬೇಕಾಗುತ್ತದೆ. ಗುರುತು ಉಳಿಯುತ್ತದೆ. ಒಂದು ವರ್ಷದಲ್ಲಿ ಮಾಸುತ್ತದೆ, ಅಳಿಸಿ ಹೋಗುವುದಿಲ್ಲ.

ಗುರುತೇ ಕಾಣಲ್ಲ ಅಂತ ಯಾರಾದರೂ ಅಂದರೆ ನನಗೆ ನಗು ಬರುತ್ತದೆ. ಚರ್ಮ ಕೊಯ್ದಲ್ಲಿ ಗುರುತು ಬಂದೇ ಬರುತ್ತದೆ. ಬರೀ ಇಂಪ್ಲಾಂಟ್‌ಗಾದರೆ ಸ್ತನದ ಕೆಳ ಮಡಿಕೆಯಲ್ಲಿ ನಾಲ್ಕೈದು ಸೆಂಟಿಮೀಟರ್ ಕೊಯ್ಯುತ್ತೇವೆ. ಅದು ಮಡಿಕೆಯೊಳಗೆ ಅಡಗಿ ಕೂರುವುದರಿಂದ ಕಾಣುವುದು ಕಮ್ಮಿ, ನಿಜ. ಆದರೆ ನಮ್ಮ ಕಡೆಯ ಚರ್ಮದಲ್ಲಿ ಗಾಯ ಉಬ್ಬಿ ಗಂಟಾಗುವ ಗುಣ ಜಾಸ್ತಿ. ಕಿವಿ ಚುಚ್ಚಿಸಿದ ಜಾಗ, ಸಿಸೇರಿಯನ್ ಆಗಿದ್ದರೆ ಆ ಹೊಲಿಗೆಯ ಜಾಗ ನೋಡಿಕೊಳ್ಳಿ. ಅಲ್ಲಿ ಉಬ್ಬಿದ್ದರೆ ಡಾಕ್ಟರಿಗೆ ಮೊದಲೇ ತೋರಿಸಿ.

ಅತ್ತಿಗೆಯ ಮಾತಿಗೆ ಬರೋಣ. ಇದರಲ್ಲಿ ಅರ್ಧ ತಪ್ಪು, ಅರ್ಧ ನಿಜ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳಬೇಕು.

ಸಿಲಿಕೋನ್ ಇಂಪ್ಲಾಂಟ್ ಮೊದಲು ಹಾಕಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಜೆರೋ ಎಂಬ ಇಬ್ಬರು ಸರ್ಜನ್‌ಗಳು. ಹಾಕಿಸಿಕೊಂಡಾಕೆ ಟಿಮ್ಮಿ ಜೀನ್ ಲಿಂಡ್ಸೆ, ಆರು ಮಕ್ಕಳ ತಾಯಿ. ಆಕೆ ಆಸ್ಪತ್ರೆಗೆ ಹೋಗಿದ್ದು ಎದೆಯ ಮೇಲಿನ ಹಚ್ಚೆ ತೆಗೆಸೋಕೆ. ಎದೆ ದೊಡ್ಡದು ಮಾಡುತ್ತೇವೆ ಅಂದಾಗ, ನನಗೆ ಮುಂದಕ್ಕೆ ಚಾಚಿದ ಕಿವಿ ಸರಿಮಾಡಿ ಕೊಟ್ಟರೆ ಸಾಕಿತ್ತು ಅಂದರಂತೆ. ಡಾಕ್ಟರು ಎರಡೂ ಮಾಡಿದರು. ಯಾರ ಆಸೆಗೆ ಯಾರ ಮೈ ಅನ್ನುವ ಪ್ರಶ್ನೆ ಈ ಆಪರೇಷನ್ನಿನ ಜೊತೆಗೇ ಹುಟ್ಟಿತು ನೋಡಿ!

ಮುಂದೆ ಅದರಿಂದ ಕೀಲುನೋವು, ಕ್ಯಾನ್ಸರ್ ಬರುತ್ತದೆ ಎಂಬ ದೂರುಗಳು ಅಮೆರಿಕದಲ್ಲಿ ದೊಡ್ಡದಾಗಿ ಎದ್ದವು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1992ರಲ್ಲಿ, ಅಂದಕ್ಕಾಗಿ ಸಿಲಿಕೋನ್ ಜೆಲ್ ಇಂಪ್ಲಾಂಟ್ ಹಾಕುವುದನ್ನು ನಿಲ್ಲಿಸಿತು. 1999ರಲ್ಲಿ ಅಲ್ಲಿನ ವೈದ್ಯಕೀಯ ಸಲಹಾ ಸಂಸ್ಥೆ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ ನೋಡಿ, ಇಂಪ್ಲಾಂಟ್‌ನಿಂದ ಸ್ತನ ಕ್ಯಾನ್ಸರ್ ಬರುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ ಎಂದಿತು. ಅದು ದೊಡ್ಡದು ಅಂದಿದ್ದು ಬೇರೆ ತೊಂದರೆಗಳನ್ನು: ಗಟ್ಟಿಯಾಗುವುದು, ಒಡೆಯುವುದು, ಮತ್ತೆ ಮತ್ತೆ ಆಪರೇಷನ್. 2006ರಲ್ಲಿ ಎಫ್‌ಡಿಎ ಮತ್ತೆ ಒಪ್ಪಿಗೆ ಕೊಟ್ಟಿತು. ಅಂದಕ್ಕಾಗಿ ಹಾಕಿಸಿಕೊಳ್ಳುವವರಿಗೆ ಜೆಲ್ ಆದರೆ 22 ವರ್ಷ ತುಂಬಿರಬೇಕು, ಉಪ್ಪುನೀರು ತುಂಬಿದ್ದಾದರೆ 18.

ಇನ್ನು ನಿಜ ಇರುವ ಅರ್ಧ. ಇಂಪ್ಲಾಂಟ್ ಹೊರಮೈ ಎರಡು ಥರ ಇರುತ್ತದೆ. ಒಂದು ನುಣುಪು, ಇನ್ನೊಂದು ಮರಳು ಕಾಗದದ ಹಾಗೆ ತರಿತರಿ. ಜಾಗ ಬಿಟ್ಟು ಕದಲದಿರಲಿ ಅಂತ ತರಿಯದನ್ನು ಮಾಡಿದರು. ಆ ತರಿ ಮೈಯವುಗಳ ಸುತ್ತ ಲಿಂಫೋಮಾ ಎಂಬ ಒಂದು ಬಗೆಯ ಕ್ಯಾನ್ಸರ್ ಬರುವುದು ಗೊತ್ತಾಯಿತು. 2011ರಲ್ಲಿ ಎಫ್‌ಡಿಎ ಮೊದಲ ಸಲ ಎಚ್ಚರಿಸಿತು. 2019ರ ಜುಲೈನಲ್ಲಿ ಅಲರ್ಗನ್ ಕಂಪನಿಯ ಬಯೋಸೆಲ್ ಎಂಬ ತರಿ ಇಂಪ್ಲಾಂಟ್‌ಗಳನ್ನು ಪ್ರಪಂಚದಾದ್ಯಂತ ವಾಪಸ್ ತರಿಸಿದರು. ಇದು ಸ್ತನದ ಗ್ರಂಥಿಯ ಕ್ಯಾನ್ಸರ್ ಅಲ್ಲ. ಇಂಪ್ಲಾಂಟ್ ಸುತ್ತ ಕಟ್ಟುವ ಪೊರೆಯಲ್ಲಿ, ರೋಗ ನಿರೋಧಕ ಕಣಗಳಲ್ಲಿ ಬರುವುದು. ಬಹಳ ಅಪರೂಪ. ಹಾಕಿಸಿದ ಎಷ್ಟೋ ವರ್ಷದ ಮೇಲೆ ಒಂದು ಕಡೆ ಇದ್ದಕ್ಕಿದ್ದ ಹಾಗೆ ನೀರು ತುಂಬಿ ಊದಿಕೊಳ್ಳುವುದು ಇದರ ಮುಖ್ಯ ಲಕ್ಷಣ. ಬೇಗ ಹಿಡಿದರೆ ಇಂಪ್ಲಾಂಟನ್ನೂ ಪೊರೆಯನ್ನೂ ಪೂರ್ತಿ ತೆಗೆದರೆ ಹೆಚ್ಚಿನವರಿಗೆ ಅಷ್ಟೇ ಸಾಕು. ನೀವು ಡಾಕ್ಟರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: ಹೊರಮೈ ನುಣುಪಾ, ತರಿಯಾ?

ಕೆಲವರಿಗೆ ಇಂಪ್ಲಾಂಟ್ ಆದ ಮೇಲೆ ಸುಸ್ತು, ಮಂಡೆ ಮಂಕಾಗುವುದು, ಮೈಕೈ ನೋವು ಶುರುವಾಗುತ್ತದೆ. ಇಂಪ್ಲಾಂಟ್ ಕಾಯಿಲೆ ಅಂತ ಅವರೇ ಹೆಸರಿಟ್ಟಿದ್ದಾರೆ. ಇದನ್ನು ಹಿಡಿಯುವ ರಕ್ತ ಪರೀಕ್ಷೆ ಇಲ್ಲ, ಕಾರಣವೂ ಖಚಿತವಾಗಿಲ್ಲ. ಹಿಂದೆ ನಾವು ಡಾಕ್ಟರುಗಳು ಇದನ್ನು ಮನಸ್ಸಿನ ಭ್ರಮೆ ಅಂತ ತಳ್ಳಿಹಾಕುತ್ತಿದ್ದೆವು. ಅದು ಸರಿಯಲ್ಲ. ತೆಗೆಸಿದ ಮೇಲೆ ಕೆಲವರಿಗೆ ಹಗುರಾಗಿದ್ದು ನಿಜ. 2021ರ ಅಕ್ಟೋಬರ್‌ನಿಂದ ಅಮೆರಿಕದಲ್ಲಿ ಇಂಪ್ಲಾಂಟ್ ಡಬ್ಬಿಯ ಎಚ್ಚರಿಕೆಯಲ್ಲಿ ಇದೂ ಸೇರಿದೆ. ಪ್ರತಿಯೊಬ್ಬರೂ ಅಪಾಯದ ಪಟ್ಟಿ ಓದಿ ಸಹಿ ಹಾಕಬೇಕು. ಆ ಪಟ್ಟಿಯನ್ನು ನಮ್ಮಲ್ಲೂ ಕೇಳಿ ಪಡೆಯಬಹುದು.

ಅದೇ ಎಚ್ಚರಿಕೆಯ ಮೊದಲ ಮಾತೇ ನಿಮ್ಮ ಕ್ಲಿನಿಕ್‌ನವರ 'ಲೈಫ್‌ಟೈಂ ಗ್ಯಾರಂಟಿ'ಗೆ ಉತ್ತರ. ಇಂಪ್ಲಾಂಟ್ ಜೀವಮಾನದ ಸಾಮಾನಲ್ಲ. ಕಂಪನಿಗಳು ಲೈಫ್‌ಟೈಂ ವಾರಂಟಿ ಅಂದರೆ ಒಡೆದರೆ ಇನ್ನೊಂದು ಇಂಪ್ಲಾಂಟ್ ಕೊಡುತ್ತೇವೆ ಅಂತ ಅರ್ಥ. ನಿಮ್ಮ ಎದೆ ಹಾಗೇ ಇರುತ್ತದೆ ಅಂತಲ್ಲ. ಹಾಗಂತ ದುಬೈ ಗೆಳತಿ ಹೇಳಿದ ಹತ್ತು ವರ್ಷದ ಗಡುವೂ ಇಲ್ಲ. ಅದಕ್ಕೆ ಹಾಲಿನ ಪ್ಯಾಕೆಟ್ ಮೇಲಿನ ಥರ ಎಕ್ಸ್‌ಪೈರಿ ದಿನಾಂಕ ಇರುವುದಿಲ್ಲ. ತೊಂದರೆ ಇಲ್ಲದಿದ್ದರೆ ಹದಿನೈದು, ಇಪ್ಪತ್ತು ವರ್ಷವೂ ಇರಬಹುದು. ಆದರೆ ಎಫ್‌ಡಿಎ ಲೆಕ್ಕದಲ್ಲಿ ಎಂಟರಿಂದ ಹತ್ತು ವರ್ಷದೊಳಗೆ ಐದರಲ್ಲಿ ಒಬ್ಬರಿಗೆ ತೆಗೆಸಬೇಕಾಗಿ ಬರುತ್ತದೆ. ನಿಮಗೀಗ 33. ಬದುಕಿನಲ್ಲಿ ಕಮ್ಮಿ ಅಂದರೂ ಇನ್ನೊಂದು ಆಪರೇಷನ್ ಆಗುತ್ತದೆ ಅಂತ ಲೆಕ್ಕ ಇಟ್ಟುಕೊಂಡೇ ಮೊದಲನೆಯದಕ್ಕೆ ಹೊರಡಬೇಕು. ದುಡ್ಡಿನ ಲೆಕ್ಕವೂ ಹಾಗೇ.

ಯಾಕೆ ತೆಗೆಸಬೇಕಾಗುತ್ತದೆ? ಹೊರಗಿನ ವಸ್ತು ಮೈಯೊಳಗೆ ಬಂದರೆ ಅದರ ಸುತ್ತ ಪೊರೆ ಕಟ್ಟುವುದು ದೇಹದ ಗುಣ. ಎಲ್ಲರಿಗೂ ಕಟ್ಟುತ್ತದೆ. ಕೆಲವರಲ್ಲಿ ಆ ಪೊರೆ ಬಿಗಿಯುತ್ತಾ ಹೋಗುತ್ತದೆ. ಮೊದಲು ಮುಟ್ಟಿದರೆ ಗಟ್ಟಿ ಅನ್ನಿಸುತ್ತದೆ, ಆಮೇಲೆ ಆಕಾರ ಕೆಡುತ್ತದೆ, ಕೊನೆಗೆ ನೋವು. ಹತ್ತು ವರ್ಷದ ಅವಧಿಯಲ್ಲಿ ಹತ್ತರಲ್ಲಿ ಒಬ್ಬರಿಗೋ ಇಬ್ಬರಿಗೋ ಇದು ತೊಂದರೆ ಕೊಡುವಷ್ಟಾಗುತ್ತದೆ. ಹೋದ ವರ್ಷ ಒಬ್ಬರಿಗೆ ತೆಗೆದಾಗ ಟ್ರೇನಲ್ಲಿಟ್ಟು ಅವರ ಅಕ್ಕನಿಗೆ ತೋರಿಸಿದೆ. ಹೊರಗಿನ ಪೊರೆ ಒಣಗಿದ ಮೊಟ್ಟೆ ಚಿಪ್ಪಿನ ಹಾಗೆ ಕಟಕಟ ಅನ್ನುತ್ತಿತ್ತು, ಸುಣ್ಣ ಕಟ್ಟಿತ್ತು. ಒಳಗಿನ ಇಂಪ್ಲಾಂಟ್ ಮಾತ್ರ ಇವತ್ತು ಹಾಕಿದ ಹಾಗೆ ಮೆತ್ತಗಿತ್ತು. ಗಟ್ಟಿಯಾಗುವುದು ಇಂಪ್ಲಾಂಟ್ ಅಲ್ಲ, ನಮ್ಮದೇ ಮೈ ಹೆಣೆದ ಪೊರೆ.

ಒಡೆಯುವ ಮಾತೂ ಇದೆ. ವಿಮಾನದಲ್ಲಿ ಒಡೆಯುವುದು ಕಟ್ಟುಕತೆ. ಒತ್ತಡ ಕಮ್ಮಿಯಾದರೆ ಹಿಗ್ಗುವುದು ಗಾಳಿ, ಇದರೊಳಗೆ ಗಾಳಿ ಇಲ್ಲ. ಗೆಳತಿ ದುಬೈನಿಂದ ಬರುವಾಗ ಚಿಪ್ಸ್ ಪ್ಯಾಕೆಟ್ ಉಬ್ಬಿದ್ದನ್ನು ನೋಡಿರಬೇಕು, ಹೆದರಿಕೆ ಅಲ್ಲಿಂದ ಬಂದಿರಬಹುದು. ಈಗಿನ ಜೆಲ್ ಕೊಯ್ದರೂ ಹರಿಯುವುದಿಲ್ಲ. ತಾಟಿನುಂಗು ಕತ್ತರಿಸಿದ ಹಾಗೆ ಹೋಳಾಗಿ ನಿಲ್ಲುತ್ತದೆ. ತೊಂದರೆಯೂ ಅದೇ. ವರ್ಷಗಟ್ಟಲೆ ಸವೆದು ಚಿಪ್ಪು ಬಿರುಕು ಬಿಟ್ಟರೂ ನಿಮಗೆ ಗೊತ್ತೇ ಆಗುವುದಿಲ್ಲ. ಉಪ್ಪುನೀರಿನದಾದರೆ ಒಂದೆರಡು ದಿನದಲ್ಲಿ ಟಯರು ಇಳಿದ ಹಾಗೆ ಇಳಿದು ಗೊತ್ತಾಗುತ್ತದೆ. ಜೆಲ್ ಸದ್ದು ಮಾಡುವುದಿಲ್ಲ. ಅದಕ್ಕೇ ಆಪರೇಷನ್ ಆದ ಐದಾರು ವರ್ಷಕ್ಕೆ ಒಂದು ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಮಾಡಿಸಬೇಕು ಅನ್ನುವುದು. ಎಷ್ಟು ಜನ ಮಾಡಿಸುತ್ತಾರೆ? ನನ್ನ ಅನುಭವದಲ್ಲಿ ಕೈಬೆರಳೆಣಿಕೆ. ಹಾಕಿಸಿದ್ದೇ ಮನೆಯಲ್ಲಿ ಗುಟ್ಟಾಗಿದ್ದರೆ ಸ್ಕ್ಯಾನಿಂಗ್‌ಗೆ ಹೋಗುವುದು ಹೇಗೆ?

ಏನನ್ನು ಹಾಕುತ್ತಿದ್ದಾರೆ ಅನ್ನುವುದೂ ಮುಖ್ಯ. ಫ್ರಾನ್ಸಿನ ಪಿಐಪಿ ಅನ್ನುವ ಕಂಪನಿ ವೈದ್ಯಕೀಯ ಸಿಲಿಕೋನ್ ಬದಲು ಕಾರ್ಖಾನೆಗೆ ಬಳಸುವ ಅಗ್ಗದ ಸಿಲಿಕೋನ್ ತುಂಬಿ ಪ್ರಪಂಚದ ಲಕ್ಷಾಂತರ ಹೆಂಗಸರಿಗೆ ಮಾರಿತ್ತು. 2010ರಲ್ಲಿ ಸಿಕ್ಕಿಬಿತ್ತು. ಮಾಲೀಕ ಜೈಲು ಶಿಕ್ಷೆಗೆ ಗುರಿಯಾದ. ನೋಡೋಕೆ ಇಂಪ್ಲಾಂಟ್ ಇಂಪ್ಲಾಂಟೇ, ಸರ್ಜನ್ ಕೈಗೂ ವ್ಯತ್ಯಾಸ ಗೊತ್ತಾಗಿರಲಿಲ್ಲ. ಪ್ಯಾಕೇಜ್ ರೇಟು ಹೇಳುವವರು ಕಂಪನಿ ಹೆಸರು ಹೇಳದಿದ್ದರೆ ಅಲ್ಲಿಂದ ಎದ್ದು ಬನ್ನಿ. ಪ್ರತಿ ಇಂಪ್ಲಾಂಟ್ ಡಬ್ಬಿಯಲ್ಲಿ ಸೀರಿಯಲ್ ನಂಬರ್ ಇರುವ ಸ್ಟಿಕರ್ ಬರುತ್ತದೆ. ಎಡಕ್ಕೊಂದು, ಬಲಕ್ಕೊಂದು. ಅದನ್ನು ಅಂಟಿಸಿದ ಕಾರ್ಡ್ ನಿಮ್ಮ ಕೈಗೆ ಬರಬೇಕು. ಬ್ಯಾಂಕ್ ಲಾಕರಿನ ಬೀಗದ ಕೈ ಥರ ಕಾಪಾಡಿ. ಮುಂದೆ ಯಾವ ಕಂಪನಿಯ ಮಾಲು ವಾಪಸ್ ಕರೆದರೂ ನಿಮ್ಮದು ಅದರಲ್ಲಿದೆಯಾ ಅಂತ ತಿಳಿಯುವುದು ಆ ಸ್ಟಿಕರಿನಿಂದಲೇ.

ಈಗ ಚಿಕ್ಕಮ್ಮನ ವಿಷಯ. ನೀವು ಕೊನೆಗೆ 'ಇನ್ನೊಂದು ವಿಷಯ' ಅಂತ ಬರೆದಿದ್ದೀರಿ. ನಾನಾದರೆ ಅದನ್ನೇ ಮೊದಲು ಕೇಳುತ್ತಿದ್ದೆ. 50ಕ್ಕಿಂತ ಮುಂಚೆ ಬಂದ ಕ್ಯಾನ್ಸರ್ ಆದ್ದರಿಂದ ಅಮ್ಮನ ಕಡೆ ಇನ್ನಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತಾ ಅಂತ ವಿಚಾರಿಸಿ. ಚಿಕ್ಕಮ್ಮ ಜೀನ್ ಪರೀಕ್ಷೆ ಮಾಡಿಸಿದ್ದರೆ ಆ ವರದಿ ತರಿಸಿಕೊಳ್ಳಿ. ಆಪರೇಷನ್ ಮಾಡಿಸಿದರೂ ಬಿಟ್ಟರೂ ನೀವು ಮೊದಲು ಸ್ತನದ ಅಲ್ಟ್ರಾಸೌಂಡ್ ಮಾಡಿಸಿ, ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಯಾವಾಗಿನಿಂದ ಬೇಕು ಅಂತ ಕ್ಯಾನ್ಸರ್ ಡಾಕ್ಟರರನ್ನು ಕೇಳಬೇಕು. ಇಂಪ್ಲಾಂಟ್ ಇದ್ದರೆ ಮ್ಯಾಮೊಗ್ರಾಂ ಆಗುವುದಿಲ್ಲ ಅನ್ನುವುದು ಸುಳ್ಳು. ಇಂಪ್ಲಾಂಟನ್ನು ಹಿಂದಕ್ಕೆ ತಳ್ಳಿ, ಸ್ತನವನ್ನು ಮುಂದೆಳೆದು ಜಾಸ್ತಿ ಫಿಲಂ ತೆಗೆಯುವ ಕ್ರಮ ಇದೆ. ಮೊದಲೇ ಹೇಳಬೇಕು, ಆ ಕೆಲಸ ಬಲ್ಲ ಟೆಕ್ನಿಷಿಯನ್ ಇರಬೇಕು. ಆದರೂ ಒಂದಷ್ಟು ಭಾಗ ಮರೆಯಾಗುವುದು ನಿಜ. ಮನೆತನದಲ್ಲಿ ಕ್ಯಾನ್ಸರ್ ಇರುವವರು ಇದನ್ನು ತೂಕಕ್ಕೆ ಹಾಕಲೇಬೇಕು.

ಮೂರನೇ ಮಗು? ಹಾಗಾದರೆ ನನ್ನ ಉತ್ತರ ಸುಲಭ: ಆಪರೇಷನ್ ಈಗ ಬೇಡ. ಇಂಪ್ಲಾಂಟ್ ಇದ್ದರೂ ಬಸುರಾಗಬಹುದು, ಮಗುವಿಗೆ ತೊಂದರೆ ಇಲ್ಲ. ಕೆಳ ಮಡಿಕೆಯಿಂದ ಹಾಕಿದ್ದರೆ ಹಾಲಿನ ನಾಳಗಳಿಗೆ ಕತ್ತರಿ ಬೀಳುವುದಿಲ್ಲ, ಹೆಚ್ಚಿನವರು ಹಾಲು ಕುಡಿಸುತ್ತಾರೆ. ತೊಟ್ಟಿನ ಸುತ್ತ ಕೊಯ್ದರೆ ಹಾಲು ಕಮ್ಮಿಯಾಗುವ ಸಂಭವ ಜಾಸ್ತಿ. ಲಿಫ್ಟ್ ಆಪರೇಷನ್ನಿನಲ್ಲೂ ಅಷ್ಟೇ. ಹಾಲಿನ ಜೊತೆ ಸಿಲಿಕೋನ್ ಮಗುವಿನ ಹೊಟ್ಟೆಗೆ ಹೋಗುತ್ತದೆ ಅನ್ನುವ ಭಯಕ್ಕೂ ಆಧಾರ ಸಿಕ್ಕಿಲ್ಲ. ಬೇಡ ಅನ್ನುವ ಕಾರಣ ಬೇರೆ. ಇನ್ನೊಂದು ಬಸುರಿನಲ್ಲಿ ಚರ್ಮ ಮತ್ತೆ ಹಿಗ್ಗಿ ಇಳಿಯುತ್ತದೆ, ಈಗ ಮಾಡಿದ್ದೆಲ್ಲ ನೀರಲ್ಲಿ ಹೋಮ. ಮಗು ಬೇಕೋ ಬೇಡವೋ ಗಂಡ ಹೆಂಡತಿ ಕೂತು ತೀರ್ಮಾನಿಸಿ. ಬೇಕು ಅಂದರೆ ಆ ಮಗುವಿಗೆ ಹಾಲು ಬಿಡಿಸಿ ಆರು ತಿಂಗಳಾಗಿ, ತೂಕ ಒಂದು ಕಡೆ ನಿಂತ ಮೇಲೆ ಬನ್ನಿ. ಎದೆ ಎಲ್ಲಿಗೂ ಓಡಿಹೋಗುವುದಿಲ್ಲ.

ಮೂರನೇ ಮಗು ಬೇಡ ಅಂತ ನಿರ್ಧಾರವಾದರೆ ದಾರಿಗಳಿವೆ. ಸ್ಕೇಲ್ ಪರೀಕ್ಷೆಯಲ್ಲಿ ತೊಟ್ಟು ಮೇಲಿದ್ದರೆ ಬರೀ ಇಂಪ್ಲಾಂಟ್ ಸಾಕಾಗಬಹುದು. ಕೆಳಗಿದ್ದು, ಗಾತ್ರ ತಕ್ಕಮಟ್ಟಿಗೆ ಇದ್ದರೆ ಬರೀ ಲಿಫ್ಟ್. ನಿಜ ಹೇಳಬೇಕೆಂದರೆ, ಎರಡು ಮಕ್ಕಳ ತಾಯಂದಿರು ಇಂಪ್ಲಾಂಟ್ ಕೇಳಿಕೊಂಡು ಬಂದವರಲ್ಲಿ ಎಷ್ಟೋ ಜನಕ್ಕೆ ಬೇಕಾಗಿದ್ದು ಇದೇ. ಎರಡೂ ಬೇಕಾದವರೂ ಇದ್ದಾರೆ. ಆದರೆ ಒಟ್ಟಿಗೆ ಮಾಡಿದರೆ ಒಂದು ಚರ್ಮವನ್ನು ಬಿಗಿ ಮಾಡುತ್ತದೆ, ಇನ್ನೊಂದು ಅದೇ ಚರ್ಮವನ್ನು ಹಿಗ್ಗಿಸುತ್ತದೆ. ಮತ್ತೆ ಸರಿಪಡಿಸುವ ಆಪರೇಷನ್ ಬೇಕಾಗುವುದು ಇಲ್ಲೇ ಜಾಸ್ತಿ. ನಾನು ಎಷ್ಟೋ ಸಲ ಮೊದಲು ಲಿಫ್ಟ್ ಮಾಡಿ ಆರು ತಿಂಗಳು ಕಾಯುತ್ತೇನೆ. ಅದರಲ್ಲೇ ಖುಷಿಯಾಗಿ ಎರಡನೆಯದಕ್ಕೆ ಬಾರದವರೇ ಹೆಚ್ಚು.

ನಿಮ್ಮದೇ ಕೊಬ್ಬನ್ನು ಹೊಟ್ಟೆ, ತೊಡೆಯಿಂದ ತೆಗೆದು ಸ್ತನಕ್ಕೆ ತುಂಬುವುದೂ ಇದೆ. ಹೊರಗಿನ ವಸ್ತು ಇರುವುದಿಲ್ಲ, ಮುಟ್ಟಿದರೆ ಸಹಜ. ಆದರೆ ತುಂಬಿದ್ದರಲ್ಲಿ ಒಂದು ಭಾಗ ಕರಗಿ ಹೋಗುತ್ತದೆ, ಕೆಲವೊಮ್ಮೆ ಅರ್ಧದಷ್ಟೂ. ಎರಡನೇ ಸಲ ಮಾಡಬೇಕಾಗಬಹುದು. ಉಳಿದದ್ದರಲ್ಲಿ ಸಣ್ಣ ಗಂಟುಗಳಾಗಿ ಸ್ಕ್ಯಾನಿಂಗ್‌ನಲ್ಲಿ 'ಇದೇನು?' ಅನ್ನಿಸುವುದೂ ಉಂಟು. ಚಿಕ್ಕಮ್ಮನ ಕಾರಣಕ್ಕೆ ನಿಮಗಿದು ನನ್ನ ಮೊದಲ ಸಲಹೆ ಅಲ್ಲ. ಕೊಬ್ಬು ತೆಗೆಯುವುದು ಸಣ್ಣ ಕೆಲಸ ಅಂತಲೂ ಅಂದುಕೊಳ್ಳಬೇಡಿ. 2022ರಲ್ಲಿ ಬೆಂಗಳೂರಿನಲ್ಲಿ ಯುವ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಚಿಕಿತ್ಸೆಯ ನಂತರ ತೀರಿಕೊಂಡದ್ದು ನಿಮಗೂ ನೆನಪಿರಬಹುದು.

ಅಳತೆಯ ಬ್ರಾ ಕೂಡ ಒಂದು ದಾರಿ. ನಗಬೇಡಿ. ಹಾಲು ಬಿಡಿಸಿದ ಮೇಲೂ ಫೀಡಿಂಗ್ ಕಾಲದ ಸೈಜನ್ನೇ ಹಾಕಿಕೊಂಡು ನನ್ನ ಹತ್ತಿರ ಬರುವವರು ಬಹಳ. ಹೊಸದಾಗಿ ಅಳತೆ ಮಾಡಿಸಿ, ಒಳ್ಳೆಯ ಟೈಲರ್ ಹತ್ತಿರ ಪ್ಯಾಡ್ ಹಾಕಿಸಿ ಎರಡು ಬ್ಲೌಸ್ ಹೊಲಿಸಿ. ಅಷ್ಟಕ್ಕೇ ಸಾಕು ಅನ್ನಿಸಿದರೆ ಲಾಭ. ಸಾಲದು ಅನ್ನಿಸಿದರೂ ಏನು ಬೇಕು ಅನ್ನುವುದು ಆಗ ಸ್ಪಷ್ಟವಾಗಿರುತ್ತದೆ.

ಗಾತ್ರದ ಬಗ್ಗೆ ಒಂದು ಮನೆ ಪ್ರಯೋಗ. ಅಳತೆ ಲೋಟದಲ್ಲಿ 350 ಎಂಎಲ್ ಅಕ್ಕಿ ತೆಗೆದು ಹಳೆ ಕಾಲುಚೀಲಕ್ಕೆ ತುಂಬಿ ಗಂಟು ಹಾಕಿ. ಅಂಥವು ಎರಡು. ದೊಡ್ಡ ಸೈಜಿನ ಬ್ರಾದೊಳಗೆ ಇಟ್ಟುಕೊಂಡು ಒಂದು ಭಾನುವಾರ ಪೂರ್ತಿ ಮನೆಗೆಲಸ ಮಾಡಿ. ಬಗ್ಗಿ ರಂಗೋಲಿ ಹಾಕಿ, ಮೆಟ್ಟಿಲು ಹತ್ತಿ, ಮಗನನ್ನು ಎತ್ತಿಕೊಳ್ಳಿ. ಸಿಲಿಕೋನ್ ಅಕ್ಕಿಗಿಂತ ತುಸು ಭಾರ, ಅದನ್ನೂ ಸೇರಿಸಿಕೊಳ್ಳಿ. ಸಂಜೆಯೊಳಗೆ ಅಕ್ಕಿ ಕಮ್ಮಿ ಮಾಡುವವರೇ ಜಾಸ್ತಿ. ನಾವು ಗಾತ್ರ ಆರಿಸುವುದು ಸ್ತನದ ಬುಡದ ಅಗಲ ನೋಡಿ. ಅದಕ್ಕಿಂತ ಅಗಲದ್ದು ಹಾಕಿದರೆ ಕಂಕುಳಿಗೆ ತಾಗುತ್ತದೆ, ನಡುವೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಫೋಟೊದಲ್ಲಿ ಬುಡದ ಅಗಲ ಅಳೆಯುವ ವಿದ್ಯೆ ನನಗಂತೂ ಬರುವುದಿಲ್ಲ.

ಆಪರೇಷನ್ ಒಂದರಿಂದ ಎರಡು ಗಂಟೆ, ಪೂರ್ತಿ ಅರಿವಳಿಕೆ ಕೊಟ್ಟು. ಅದೇ ದಿನ ಅಥವಾ ಮರುದಿನ ಮನೆಗೆ. ಬ್ಯಾಂಕಿನ ಕುರ್ಚಿ ಕೆಲಸಕ್ಕೆ ಹತ್ತು ದಿನದಲ್ಲಿ ಹೋಗಬಹುದು. ರಕ್ತ ಕಟ್ಟುವುದು, ಕೀವಾಗುವುದು ನೂರಕ್ಕೆ ಒಬ್ಬಿಬ್ಬರಿಗೆ. ಕೀವಾದರೆ ಎಷ್ಟೋ ಸಲ ಇಂಪ್ಲಾಂಟ್ ತೆಗೆದು ತಿಂಗಳುಗಟ್ಟಲೆ ಕಾಯಬೇಕು. ಆಗ ಒಂದು ಕಡೆ ಇರುತ್ತದೆ, ಒಂದು ಕಡೆ ಇರುವುದಿಲ್ಲ. ತೊಟ್ಟಿನ ಸ್ಪರ್ಶ ಮಂದವಾಗಬಹುದು, ಕೆಲವರಿಗೆ ಅದು ಹಾಗೇ ಉಳಿಯುತ್ತದೆ. ಸ್ನಾಯುವಿನ ಅಡಿಯಲ್ಲಿ ಹಾಕಿದ್ದರೆ ಕೈ ಬಿಗಿ ಹಿಡಿದಾಗ ಎದೆ ಅಲುಗಿದ ಹಾಗೆ ಕಾಣುತ್ತದೆ. ಯಾರೂ ಹೇಳದ ಒಂದು ಚಿಕ್ಕ ಸಂಗತಿ: ಚಳಿಯಲ್ಲಿ ಎದೆ ಮುಟ್ಟಿದರೆ ಮಿಕ್ಕ ಮೈಗಿಂತ ತಣ್ಣಗಿರುತ್ತದೆ.

ಡಾಕ್ಟರನ್ನು ಹುಡುಕುವಾಗ ಎಂಬಿಬಿಎಸ್, ಎಂಎಸ್ ಆದ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಆಗಿದೆಯಾ ನೋಡಿ. ಕಾಸ್ಮೆಟಾಲಜಿ ಡಿಪ್ಲೊಮಾ ಬೇರೆ, ಇದು ಬೇರೆ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಕಡ್ಡಾಯ, ಅದರ ನಂಬರ್ ಕೇಳಿ. ಅರಿವಳಿಕೆ ಕೊಡುವವರು ಯಾರು, ಹೆಚ್ಚುಕಮ್ಮಿಯಾದರೆ ಐಸಿಯು ಎಲ್ಲಿದೆ ಅಂತ ಕೇಳಿ. ಆಪರೇಷನ್ ಮಾಡುವ ಕೈಯೇ ನಿಮ್ಮನ್ನು ಮೊದಲು ಪರೀಕ್ಷೆ ಮಾಡಿರಬೇಕು. ಅಂದಕ್ಕೆ ಮಾಡಿಸುವ ಆಪರೇಷನ್‌ಗೆ ಇನ್ಶೂರೆನ್ಸ್ ಬರುವುದಿಲ್ಲ, ಮೇಲೆ ಜಿಎಸ್‌ಟಿ ಇದೆ. ರಿಯಾಯಿತಿಯ ಗಡುವು ಇಟ್ಟವರಿಗೆ ಅಡ್ವಾನ್ಸ್ ಕಟ್ಟಬೇಡಿ. ಮುಖ್ಯವಾಗಿ, ನೀವು ಕಳಿಸಿದ ಫೋಟೊಗಳನ್ನು ಅಳಿಸಿಹಾಕಿ, ಅಳಿಸಿದ್ದೇವೆ ಅಂತ ಬರೆದು ತಿಳಿಸಿ ಎಂದು ಅವರಿಗೆ ಇವತ್ತೇ ಮೆಸೇಜ್ ಹಾಕಿ.

ಅಮ್ಮನಿಗೆ ಹೇಳಲೇಬೇಕಾ ಅಂತ ಕೇಳಿದ್ದೀರಿ. ಕಾನೂನಿನ ಪ್ರಕಾರ ಬೇಕಿಲ್ಲ. ಮೈ ನಿಮ್ಮದು, ಸಹಿ ನಿಮ್ಮದು. ಆದರೆ ಮನೆಯಲ್ಲಿ ದೊಡ್ಡವರು ಒಬ್ಬರಿಗಾದರೂ ಗೊತ್ತಿರಬೇಕು. ಎರಡನೇ ರಾತ್ರಿ ಒಂದು ಕಡೆ ಊದಿಕೊಂಡು ಬಿಗಿಯತೊಡಗಿದರೆ ಗಾಡಿ ತೆಗೆದು ಆಸ್ಪತ್ರೆಗೆ ಕರೆದೊಯ್ಯುವವರು ಬೇಕಲ್ವಾ? ಅದು ಗಂಡನೂ ಆಗಬಹುದು, ಅತ್ತಿಗೆಯೂ ಆಗಬಹುದು. ಚಿಕ್ಕಮ್ಮನ ವರದಿ ಕೇಳುವಾಗ ಅಮ್ಮನಿಗೆ ಹೇಗೂ ಅರ್ಧ ಗೊತ್ತಾಗುತ್ತದೆ. ಇನ್ನರ್ಧ ಮಗನಿಂದ ಗೊತ್ತಾದೀತು. ಆರು ವಾರ ಅವನನ್ನು ಎತ್ತಿಕೊಳ್ಳುವ ಹಾಗಿಲ್ಲ, ಮೂರು ವರ್ಷದ ಹುಡುಗ ಮನೆಗೆ ಬಂದವರಿಗೆಲ್ಲ ಆ ದೂರು ಹೇಳದೆ ಬಿಡುತ್ತಾನಾ?